ಒದೆಯದ ಕೋವಿ, ಬೀಳದ ಟಗರು

ಹಳೆಯ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆಲ್ಲ ಆ ಕೋವಿ ಗೊತ್ತು. ಟ್ರಿಗರ್ ಸುತ್ತಲಿನ ಕಬ್ಬಿಣದ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಸಾಕು, ಖಾಲಿ ತೋಟಾ ಹೊರಕ್ಕೆ ಹಾರಿ ಹೊಸದು ಒಳಗೆ ಕೂರುತ್ತದೆ. ವಿಂಚೆಸ್ಟರ್ ಕಂಪನಿಯ 1873 ಮತ್ತು 1894ರ ಮಾದರಿಗಳು ಈ ಜಾತಿಯವು. ಅಮೆರಿಕದಲ್ಲಿ ಅವು ಇನ್ನೂ ಅಟ್ಟ ಸೇರಿಲ್ಲ. ಅವಕ್ಕೆಂದೇ ಒಂದು ಪಂದ್ಯವಿದೆ. ಉಕ್ಕಿನ ತಗಡಿನ ಕೋಳಿ 50 ಮೀಟರ್ ದೂರದಲ್ಲಿ, ಹಂದಿ 100ರಲ್ಲಿ, ಟರ್ಕಿ ಕೋಳಿ 150ರಲ್ಲಿ, ಟಗರು 200ರಲ್ಲಿ. ನಿಂತೇ ಹೊಡೆಯಬೇಕು. ಗುಂಡು ತಗುಲಿದರೆ ಸಾಲದು, ಪ್ರಾಣಿ ಉರುಳಬೇಕು.

ತೊಡಕು ಇರುವುದು ಆ ಉರುಳುವ ಮಾತಿನಲ್ಲೇ. ಪೂರ್ತಿ ಮದ್ದು ತುಂಬಿದ ತೋಟಾ ಟಗರನ್ನು ಉರುಳಿಸುತ್ತದೆ, ಆದರೆ ಹೆಗಲನ್ನೂ ಒದೆಯುತ್ತದೆ. ಐವತ್ತು ದಾಟಿದ ಹೆಗಲು ಇಪ್ಪತ್ತು ಈಡಿಗೇ ಸೋಲುತ್ತದೆ. ಆಮೇಲೆ ಗುಂಡು ಹಾರುವ ಮುನ್ನವೇ ಮೈ ಬೆದರುತ್ತದೆ, ಕಣ್ಣು ಮುಚ್ಚುತ್ತದೆ. ಗುರಿ ತಪ್ಪಿದ್ದಕ್ಕೆ ಪಾಪ, ಕೋವಿಯನ್ನು ಬೈಯುತ್ತಾರೆ.

ಅದಕ್ಕೇ ಅನುಭವಿಗಳು ಮದ್ದು ಕಡಿಮೆ ಮಾಡಿ ತೋಟಾ ತಾವೇ ತುಂಬಿಕೊಳ್ಳುತ್ತಾರೆ. ಇಲ್ಲೊಂದು ಸೊಗಸಾದ ಲೆಕ್ಕವಿದೆ. 30-30 ತೋಟಾದ 11 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಅದನ್ನು 460ಕ್ಕೆ ಇಳಿಸಿದರೆ ಒದೆತದ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಏಕೆಂದರೆ ಶಕ್ತಿ ವೇಗದ ವರ್ಗವನ್ನು ಹಿಂಬಾಲಿಸುತ್ತದೆ. ತಗಡನ್ನು ಉರುಳಿಸುವುದು ಮುಖ್ಯವಾಗಿ ಆವೇಗ. ನಳಿಗೆಯ ಬಾಯಲ್ಲಿ ಅದು ಕುಗ್ಗುವುದು ಮೂರನೆಯ ಒಂದು ಭಾಗದಷ್ಟೇ. ಹೆಗಲಿಗಾದ ಲಾಭ ದೊಡ್ಡದು, ಟಗರಿಗೆ ಬೀಳುವ ಏಟಿನ ನಷ್ಟ ಚಿಕ್ಕದು. ಆದರೂ 200 ಮೀಟರ್ ಗಾಳಿ ಸೀಳಿಕೊಂಡು ಹೋದ ನಿಧಾನದ ಗುಂಡು ಟಗರಿಗೆ 'ಟಣ್' ಎಂದು ಬಡಿದು, ಟಗರು ನಿಂತೇ ಇರುವುದುಂಟು. ಹೀಗಾಗಿ ಕೋಳಿಗೆ ಹಗುರ ಈಡು, ಟಗರಿಗೆ ಭಾರದ್ದು ಎಂದು ಎರಡು ಬಗೆ ಇಟ್ಟುಕೊಳ್ಳುವವರಿದ್ದಾರೆ. ಎರಡಕ್ಕೂ ಗುರಿಕಣ್ಣಿನ ಎತ್ತರ ಬೇರೆ ಎಂಬುದನ್ನು ಮರೆತರೆ ಎರಡೂ ದಂಡ.

ತುಂಬುವ ರಗಳೆ ಬೇಡವೆಂದರೆ .357 ಮ್ಯಾಗ್ನಂ ಕೋವಿಯಲ್ಲಿ ತುಸು ಗಿಡ್ಡನೆಯ .38 ಸ್ಪೆಷಲ್ ಹಾಕಬಹುದು. ಕೆಲವು ಕೋವಿಗಳು ಗಿಡ್ಡ ತೋಟಾ ನುಂಗಲು ತಕರಾರು ಮಾಡುತ್ತವೆ. ಪಿಸ್ತೂಲಿನ ಇಂಥ ತೋಟಾಗಳಿಗೆ ಹತ್ತಿರದ ಗುರಿಗಳ ಪಂದ್ಯವೇ ಬೇರೆ ಇದೆ. ಗುಂಡಿನ ಮೂತಿಯನ್ನೂ ನೋಡಬೇಕು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಮೂತಿ ಚೂಪಾಗಿದ್ದರೆ ಒದೆತದ ಕುಲುಕಿಗೆ ಮುಂದಿನದರ ಕೇಪನ್ನು ಕುಟ್ಟಿ ಒಳಗೇ ಸಿಡಿಸೀತು. ಆದ್ದರಿಂದ ಚಪ್ಪಟೆ ಮೂತಿ.

ಮದ್ದು ಕಡಿಮೆಯಾದರೆ ಅಪಾಯವೂ ಕಡಿಮೆ ಎಂದುಕೊಳ್ಳುವವರೇ ಹೆಚ್ಚು. ತೀರಾ ಕಡಿಮೆಯಾದರೆ ಗುಂಡು ನಳಿಗೆಯ ನಡುವೆಯೇ ನಿಲ್ಲುತ್ತದೆ. ಅದನ್ನರಿಯದೆ ಇನ್ನೊಂದು ಹೊಡೆದರೆ ನಳಿಗೆ ಬಿರಿಯುತ್ತದೆ. ಸೀಸದ ಗುಂಡು ಸಲೀಸಾಗಿ ಜಾರುತ್ತದೆ, ತಾಮ್ರದ ಹೊದಿಕೆಯದು ಬೇಗ ಸಿಕ್ಕಿಕೊಳ್ಳುತ್ತದೆ. ಮುದ್ರಿತ ಕೋಷ್ಟಕದ ಕನಿಷ್ಠ ಅಳತೆಗಿಂತ ಕೆಳಗಿಳಿಯಬಾರದೆನ್ನುವುದು ಇದಕ್ಕೇ. ಇನ್ನೊಂದು ಭಯ: ಚಿಟಿಕೆ ಮದ್ದು ಹಿತ್ತಾಳೆಯ ತಳದಲ್ಲಿ ಅಡಗಿ ಕೂರುವುದರಿಂದ, ಮರೆತು ಎರಡು ಸಲ ಸುರಿದರೂ ಮೇಲಿಂದ ನೋಡಿದವರಿಗೆ ತಿಳಿಯದು. ಬಲ್ಲವರು ತೋಟಾಗಳನ್ನೆಲ್ಲ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಬಿಟ್ಟು ಒಂದೊಂದನ್ನೂ ಇಣುಕುತ್ತಾರೆ. ಒಂದರಲ್ಲಿ ಮದ್ದಿನ ಮಟ್ಟ ಚೂರು ಏರಿದ್ದಂತೆ ಕಂಡರೂ ಸಾಕು, ಹಲಗೆಯಷ್ಟನ್ನೂ ಬರಿದು ಮಾಡಿ ಮೊದಲಿನಿಂದ ತೂಗುತ್ತಾರೆ.