ನಾಲ್ಕು ಸೀಟಿನ ವಿಮಾನ, ಐದು ಜನರ ಪ್ರವಾಸ

ಕದ್ವಾಡದ ಮನೆಯ ಜಗಲಿಯಲ್ಲಿ ಕರ್ನಾಟಕದ ನಕಾಶೆ ಹಾಸಿ, ಹೂ ಕಟ್ಟುವ ದಾರದಿಂದ ದೂರ ಅಳೆಯುತ್ತ ನಾವು ನಾಲ್ವರು ಒಂದು ಭಾನುವಾರ ಪೂರ್ತಿ ಕಳೆದೆವು. ಕಾರಣ ಒಂದು ವಿಡಿಯೊ. ಅದರಲ್ಲಿ ಹೊರದೇಶದ ಗಂಡ ಹೆಂಡತಿ ತಮ್ಮ ಪುಟ್ಟ ವಿಮಾನದಲ್ಲಿ ಒಂದೂರಿಗೆ ತಿಂಡಿಗೆ, ಇನ್ನೊಂದೂರಿಗೆ ಊಟಕ್ಕೆ ಇಳಿಯುತ್ತಾರೆ. ದಾರಿಯಲ್ಲಿ ಹಳೇ ವಿಮಾನಗಳ ಸಂಗ್ರಹಾಲಯ ಸಿಕ್ಕರೆ ಅದನ್ನೂ ನೋಡುತ್ತಾರೆ. ನಮ್ಮ ಕಡೆ ಹೀಗೆ ಹೊರಟರೆ ಎಲ್ಲೆಲ್ಲಿ ಇಳಿಯಬಹುದು ಎಂದು ನಮ್ಮಲ್ಲೊಬ್ಬ ಕೇಳಿದ. ಕೈಯಲ್ಲಿ ದುಡ್ಡಿಲ್ಲ, ವಿಮಾನವಂತೂ ಇಲ್ಲವೇ ಇಲ್ಲ. ಯೋಜನೆ ಹಾಕಲು ಅವೆರಡೂ ಬೇಕಿಲ್ಲವಲ್ಲ!

ಹೊರಡುವುದು ಬೆಂಗಳೂರಿನ ಜಕ್ಕೂರಿನಿಂದ ಎಂದಾಯಿತು. ಅಲ್ಲಿ 1948ರಷ್ಟು ಹಿಂದೆಯೇ ಶುರುವಾದ ಸರ್ಕಾರಿ ವಿಮಾನ ತರಬೇತಿ ಶಾಲೆ ಇದೆ. ಸಣ್ಣ ವಿಮಾನಗಳಿಗೆಂದೇ ಇರುವ ನೆಲ ಅದು. ಹೊರಡುವ ಮುನ್ನ ಎಚ್‌ಎಎಲ್ ಸಂಗ್ರಹಾಲಯಕ್ಕೆ ಹೋಗಿ ಮಾರುತ್ ನೋಡಬೇಕು. ನಮ್ಮ ದೇಶದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ ಅದು, ಮೊದಲು ಹಾರಿದ್ದು 1961ರಲ್ಲಿ. ಅಲ್ಲಿಂದ ಶಿವಮೊಗ್ಗ, ದಾರದ ಲೆಕ್ಕದಲ್ಲಿ ಸುಮಾರು 230 ಕಿಲೋಮೀಟರ್. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಈ ನಿಲ್ದಾಣದ ಕಟ್ಟಡ ತಾವರೆ ಆಕಾರದ್ದು. ಅದನ್ನು ಮೇಲಿನಿಂದ ನೋಡದೆ ಎಲ್ಲಿಂದ ನೋಡುವುದು?

ಶಿವಮೊಗ್ಗದಿಂದ ಮಂಗಳೂರಿಗೆ ದಾರ ಎಳೆದಾಗ ಅದು ಶೃಂಗೇರಿಯ ಮೇಲೆ ಹಾದುಹೋಯಿತು. ಒಂದು ಮಗ್ಗುಲಿಗೆ ಆಗುಂಬೆ, ಇನ್ನೊಂದು ಮಗ್ಗುಲಿಗೆ ಕುದುರೆಮುಖ. ಬರೀ 125 ಕಿಲೋಮೀಟರಿನಲ್ಲಿ ಮಲೆನಾಡು ಮುಗಿದು ಸಮುದ್ರ ಬಂದುಬಿಡುತ್ತದೆ. ಬಸ್ಸಿನಲ್ಲಿ ಘಾಟಿ ಇಳಿಯುವಾಗ ವಾಂತಿಯಾಗುವ ನಮ್ಮ ಗೆಳೆಯ ಈ ಭಾಗವನ್ನು ಎರಡೆರಡು ಸಲ ಅಳೆದ. ಮಂಗಳೂರಿನಿಂದ ಹುಬ್ಬಳ್ಳಿಗೆ ಬರುವಾಗ ಎಡಕ್ಕೆ ಶರಾವತಿಯ ಹಿನ್ನೀರು. ಹುಬ್ಬಳ್ಳಿಯಿಂದ ಗೋವಾದ ದಾಬೋಲಿಮ್‌ಗೆ 135 ಕಿಲೋಮೀಟರ್, ಕೆಳಗೆ ದೂಧಸಾಗರ. ಮತ್ತೆ ವಾಪಸ್ ಜಕ್ಕೂರು. ಎಲ್ಲ ಕೂಡಿಸಿದರೆ 1,240 ಕಿಲೋಮೀಟರಿನ ಆಸುಪಾಸು. ಗಂಟೆಗೆ 220 ಕಿಲೋಮೀಟರ್ ಓಡುವ ಸೆಸ್ನಾ 172 ಸಿಕ್ಕರೆ ಆರು ತಾಸೂ ಬೇಡ. ಕಾರವಾರದಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬಂದವರಿಗೆ ಆ ಆರು ತಾಸಿನ ಬೆಲೆ ಗೊತ್ತು.

ಇಷ್ಟಾದ ಮೇಲೆ, ವಿಮಾನ ಹಾರಿಸಲು ಕಲಿಸುವ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆವು. ನಗುತ್ತಾರೆ ಅಂದುಕೊಂಡಿದ್ದೆವು, ನಗಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: “ನಿಮ್ಮ ತೂಕ ಎಷ್ಟೆಷ್ಟು ಹೇಳಿ.”

ಸಣ್ಣ ವಿಮಾನದಲ್ಲಿ ಎಲ್ಲವೂ ತಕ್ಕಡಿಯ ಲೆಕ್ಕವಂತೆ. ಸೆಸ್ನಾ 172ರ ಹೊಸ ಮಾದರಿ ಏಳುವಾಗ ಎಲ್ಲ ಸೇರಿ 1,157 ಕಿಲೋ ಮೀರಬಾರದು. ಖಾಲಿ ವಿಮಾನವೇ 770 ಕಿಲೋದಷ್ಟು ತೂಗುತ್ತದೆ. ಟ್ಯಾಂಕ್ ತುಂಬಿಸಿದರೆ 200 ಲೀಟರ್ ಇಂಧನ, ಅಂದರೆ ಇನ್ನೊಂದು 145 ಕಿಲೋ. ಉಳಿದ 240 ಕಿಲೋದೊಳಗೆ ಜನ, ಚೀಲ, ನೀರಿನ ಬಾಟಲಿ ಎಲ್ಲ ಬರಬೇಕು. ನಾಲ್ಕು ಜನರಿಗೆ ಹಂಚಿದರೆ ತಲೆಗೆ 60. ನಮ್ಮಲ್ಲೊಬ್ಬನೇ 92 ಇದ್ದಾನೆ, ಹೆಸರು ಹೇಳುವುದಿಲ್ಲ. ಇಂಧನ ಕಡಿಮೆ ತುಂಬಿಸಿ ಅಲ್ಲಲ್ಲಿ ಇಳಿಯುತ್ತ ಹೋಗಬಹುದು ಎಂದು ಅವರೇ ಸಮಾಧಾನ ಹೇಳಿದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ನಾಲ್ಕು ಸೀಟಿನಲ್ಲಿ ಒಂದು ಪೈಲಟನದು.

ನಾವು ನಾಲ್ವರು ಮುಖ ಮುಖ ನೋಡಿಕೊಂಡೆವು.

ಅವರು ಹೇಳಿದ ಉಳಿದದ್ದೂ ಖುಷಿ ಕೊಡುವಂಥದ್ದಲ್ಲ. ಇಂಥ ವಿಮಾನವನ್ನು ಕಣ್ಣಿಗೆ ನೆಲ ಕಾಣುತ್ತಿದ್ದರೆ ಮಾತ್ರ ಹಾರಿಸುವುದು, ಸಾಮಾನ್ಯವಾಗಿ 5 ಕಿಲೋಮೀಟರ್ ದೂರದವರೆಗಾದರೂ ಕಾಣಬೇಕು. ಹಾಗಾಗಿ ಮಳೆಗಾಲದ ನಾಲ್ಕು ತಿಂಗಳು ಘಟ್ಟದ ಹೆಸರೇ ಎತ್ತುವಂತಿಲ್ಲ. ಮಂಗಳೂರಿನ ಚಂದದ ಬಗ್ಗೆ ನಾವು ಹೇಳತೊಡಗಿದಾಗ ಅವರು ಒಂದು ಕ್ಷಣ ಸುಮ್ಮನಾದರು. ಬಜ್ಪೆಯ ರನ್‌ವೇ ಇರುವುದು ಗುಡ್ಡದ ನೆತ್ತಿಯ ಮೇಲೆ, ತುದಿಯಾಚೆ ಕಣಿವೆ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಆ ಕಣಿವೆಗೇ ಉರುಳಿ 158 ಜನ ತೀರಿಕೊಂಡರು, ಉಳಿದವರು ಎಂಟೇ ಜನ. ನೋಡಲು ಚಂದ ಅಂತ ನೀವು ಹೇಳುವ ಜಾಗದಲ್ಲಿ ಪೈಲಟ್ ನೋಡುವುದು ಬೇರೆಯದನ್ನೇ, ಅಂದರು.

ಕೊನೆಗೆ ನಾವು ಕೇಳಬೇಕೆಂದಿದ್ದದ್ದನ್ನು ಕೇಳಿದೆವು. ಗೋವಾಕ್ಕೆ ಹೋಗುವಾಗ ಸ್ವಲ್ಪ ಸುತ್ತಿ ಕಾಳಿ ನದಿಯ ಮೇಲೆ, ಕದ್ವಾಡದ ಮೇಲೆ ಒಂದು ಸುತ್ತು ಹಾಕಬಹುದೆ? ಅವರು ಹೇಳಿದ್ದಿಷ್ಟು: ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ, ನಿಮ್ಮೂರು ಅವೆರಡರ ನಡುವೆ, ಅನುಮತಿಯಿಲ್ಲದೆ ಯಾರೂ ಆ ಕಡೆ ಸುಳಿಯುವುದಿಲ್ಲ. ಇಡೀ ರಾಜ್ಯ ನೋಡಿ ಬರುವ ಯೋಜನೆಯಲ್ಲಿ ನಮ್ಮೂರೇ ಬಿಟ್ಟುಹೋಯಿತು. ಗಂಟೆಗೆ ಬಾಡಿಗೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಬರುತ್ತಿದ್ದಂತೆ ಫೋನಿನ ಸ್ಪೀಕರ್ ಆಫ್ ಮಾಡಿದೆವು. ಒಳಗೆ ಹಿರಿಯರಿದ್ದರು.

ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮಲ್ಲೊಬ್ಬಳು ಅಂಕೋಲೆಯ ಅಲಗೇರಿ ಕಡೆಯವಳು. ವಿಮಾನದ ಮಾತು ಶುರುವಾದಾಗಿನಿಂದ ಅವಳು ದಾರ ಹಿಡಿದುಕೊಂಡಿದ್ದಳೇ ಹೊರತು ಹೆಚ್ಚು ಮಾತಾಡಿರಲಿಲ್ಲ. ಅಲಗೇರಿ, ಬೇಲೇಕೇರಿ, ಭಾವಿಕೇರಿಯ ನೆಲದಲ್ಲಿ ನೌಕಾಪಡೆಯ ವಿಮಾನ ನಿಲ್ದಾಣ, ಅದರ ಪಕ್ಕಕ್ಕೆ ಜನಸಾಮಾನ್ಯರ ವಿಮಾನಗಳಿಗೂ ಜಾಗ ಎಂಬ ಯೋಜನೆ ಇರುವುದು ಈ ಭಾಗದ ಎಲ್ಲರಿಗೂ ಗೊತ್ತು. ಅವಳ ಅಜ್ಜಿಯ ಗದ್ದೆ ಸರ್ವೆ ಗೆರೆಯ ಒಳಗಿದೆ. “ನಕಾಶೆಯಲ್ಲಿ ಅಂಕೋಲೆಗೂ ಒಂದು ಚುಕ್ಕೆ ಇಟ್ಟುಬಿಡಿ, ಹೇಗೂ ಬರ್ತದಲ್ಲ” ಅಂದಳು. ತಮಾಷೆಗೆ ಹೇಳಿದಳೋ ಏನೋ, ಯಾರೂ ಚುಕ್ಕೆ ಇಡಲಿಲ್ಲ.

ನಮ್ಮಲ್ಲೇ ಇನ್ನೊಬ್ಬನ ಮನೆಯವರು ಮೂಲದಲ್ಲಿ ಅರ್ಗಾದವರು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅರ್ಗಾದಲ್ಲಿ ಸೀಬರ್ಡ್‌ಗೆ ಅಡಿಗಲ್ಲು ಹಾಕಿದರು. ಆಮೇಲಿನ ವರ್ಷಗಳಲ್ಲಿ ಕಾರವಾರ, ಅಂಕೋಲೆಯ 13 ಹಳ್ಳಿಗಳ 4,000ಕ್ಕೂ ಹೆಚ್ಚು ಕುಟುಂಬ ಎದ್ದು ಹೋದವು. ಐಎನ್‌ಎಸ್ ಕದಂಬ 2005ರಲ್ಲಿ ಕೆಲಸ ಶುರುಮಾಡಿತು. ಇವನು ಹುಟ್ಟಿದ್ದು ಬೆಳೆದಿದ್ದು ತೋಡೂರಿನ ಪುನರ್ವಸತಿ ಕಾಲೊನಿಯಲ್ಲಿ. ಹಾಗಂತ ಅವನು ವಿಮಾನ ನಿಲ್ದಾಣದ ವಿರೋಧಿಯಲ್ಲ. ಊರಲ್ಲೇ ಕೆಲಸ ಸಿಗಲಿ, ಹೃದಯಾಘಾತವಾದವರನ್ನು ಗೋವಾಕ್ಕೋ ಮಂಗಳೂರಿಗೋ ಅಂಬುಲೆನ್ಸಿನಲ್ಲಿ ಒಯ್ಯುವುದು ತಪ್ಪಲಿ ಎನ್ನುವವನು. ಇವರಿಬ್ಬರ ನಡುವೆ ಈ ವಿಷಯಕ್ಕೆ ಹಿಂದೆಯೂ ಜಗಳವಾಗಿದೆ. ಅವತ್ತು ಆಗಲಿಲ್ಲ.

ಎರಡು ವಾರದ ಮೇಲೆ ಅಜ್ಜಿಯನ್ನು ಕಣ್ಣಿನ ತಪಾಸಣೆಗೆ ಕಾರವಾರಕ್ಕೆ ಕರೆತಂದಿದ್ದರು. ಮುಗಿದ ಮೇಲೆ ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಚಪಲ್ ಯುದ್ಧನೌಕೆಯ ಮಗ್ಗುಲಿಗೆ ಈಗ ಟುಪೊಲೆವ್ 142 ನಿಂತಿದೆಯಲ್ಲ, ಅದನ್ನು ತೋರಿಸೋಣ ಎಂದು. ನೀವಿನ್ನೂ ನೋಡಿಲ್ಲದಿದ್ದರೆ ನೋಡಬೇಕು. 53 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ನಾಲ್ಕು ಎಂಜಿನ್, ಪ್ರತಿಯೊಂದಕ್ಕೂ ಎದುರುಬದುರು ದಿಕ್ಕಿಗೆ ತಿರುಗುವ ಎರಡೆರಡು ಫ್ಯಾನು. ಸೋವಿಯತ್ ಒಕ್ಕೂಟದಿಂದ 1988ರಲ್ಲಿ ಇಂಥ ಎಂಟು ವಿಮಾನ ಬಂದವು. ಜಲಾಂತರ್ಗಾಮಿಗಳನ್ನು ಹುಡುಕುವುದು ಇವುಗಳ ಕೆಲಸ. ಮೊದಲ ನಾಲ್ಕು ವರ್ಷ ಇದ್ದದ್ದು ನಮ್ಮ ಪಕ್ಕದ ಗೋವಾದಲ್ಲೇ, ಆಮೇಲೆ ತಮಿಳುನಾಡಿನ ಅರಕ್ಕೋಣಂನಲ್ಲಿ. 2017ರ ಮಾರ್ಚ್ 29ಕ್ಕೆ ನಿವೃತ್ತಿಯಾದವು. ಜಗತ್ತು ಸುತ್ತಬಲ್ಲ ಈ ವಿಮಾನ ಕಾರವಾರಕ್ಕೆ ಬಂದದ್ದು ಮಾತ್ರ ಬಿಡಿಬಿಡಿಯಾಗಿ, ಲಾರಿಯ ಮೇಲೆ. ಇಳಿಯಲು ಜಾಗವೆಲ್ಲಿತ್ತು?

ಅಜ್ಜಿ ರೆಕ್ಕೆಯ ಕೆಳಗೆ ನಿಂತು ಮೇಲೆ ನೋಡಿದರು. ಕಣ್ಣಿಗೆ ಔಷಧಿ ಹಾಕಿದ್ದರಿಂದ ಸೆರಗು ಅಡ್ಡ ಹಿಡಿದಿದ್ದರು. ಆಮೇಲೆ ಕೇಳಿದರು, “ಇದು ಏಳೂದಕ್ಕೆ ಎಷ್ಟು ಎಕ್ರೆ ಬೇಕು ತಂಗೀ?”

ಪತ್ರಿಕೋದ್ಯಮ ಓದಿದ ನಾಲ್ವರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆವು. ನಾವು ಬಾಡಿಗೆಗೆ ಪಡೆಯಬೇಕೆಂದಿದ್ದ ಸೆಸ್ನಾ, ಎದ್ದು ಒಂದು ತೆಂಗಿನಮರದ ಎತ್ತರ ದಾಟುವಷ್ಟರಲ್ಲಿ 500 ಮೀಟರ್ ಮುಂದೆ ಹೋಗಿರುತ್ತದೆ. 18 ಮೀಟರ್ ಅಗಲ ಹಿಡಿದರೆ 2 ಎಕರೆ 9 ಗುಂಟೆ. ಹುಬ್ಬಳ್ಳಿಯ ರನ್‌ವೇ ಉದ್ದ 2,600 ಮೀಟರ್, ಅಗಲ 45. ಬರೀ ಡಾಂಬರಿಗೇ 29 ಎಕರೆ. ಅದರ ಎರಡೂ ಬದಿಗೆ ಗಿಡ, ಗೋಡೆ ಏನೂ ಇರಬಾರದು. ಅದನ್ನೂ ಸೇರಿಸಿ 280 ಮೀಟರ್ ಅಗಲ ಹಿಡಿದರೆ 180 ಎಕರೆ. ಅದಾದ ಮೇಲೆ ಕಟ್ಟಡ, ವಿಮಾನ ನಿಲ್ಲಿಸುವ ಜಾಗ, ಬೇಲಿ. ಜನ ಹೆಚ್ಚು ಕೂರುವ ವಿಮಾನ ಬೇಕೆಂದಷ್ಟೂ ನೆಲ ಹೀಗೆ ಹೆಚ್ಚುತ್ತ ಹೋಗುತ್ತದೆ. ಅಜ್ಜಿ ಎರಡು ಎಕರೆ ಒಂಬತ್ತು ಗುಂಟೆ ಎಂಬುದನ್ನು ಮಾತ್ರ ಮತ್ತೆ ಹೇಳಿಸಿಕೊಂಡರು. “ಅಷ್ಟಾದ್ರೆ ಕೊಡಬಹುದಾಗಿತ್ತು” ಅಂದರು.

ಮೊಮ್ಮಗಳು ಫೋನಿನಲ್ಲಿ ಉಪಗ್ರಹದ ಚಿತ್ರ ತೆಗೆದು ಗದ್ದೆಯ ಮೇಲೆ ಬೆರಳಿಟ್ಟು ದೊಡ್ಡದು ಮಾಡಿದಳು. ಔಷಧಿಯ ಮಬ್ಬಿಗೆ ಅಜ್ಜಿಗೆ ಮೊದಲು ಏನೂ ತಿಳಿಯಲಿಲ್ಲ. ಬಾವಿಯ ದುಂಡು ಕಂಡಮೇಲೆ ಬೆರಳು ತಾನೇ ಹೊರಟಿತು. ಇದು ಹುಲ್ಲಿನ ಬಣವೆ, ಇದು ಮಾವಿನಮರ, ಇದು ಪಕ್ಕದ ಮನೆಯವರು ಒತ್ತಿಕೊಂಡ ಅಂಚು. ಬಣವೆ ಈಗ ಅಲ್ಲಿಲ್ಲ, ಇದು ಹಳೇ ಪೋಟೋ ಎಂದೂ ಕಂಡುಹಿಡಿದರು. ನಮ್ಮ ನಾಲ್ವರ ಆರು ತಾಸಿನ ಯೋಜನೆಯಲ್ಲಿ ಸಿಗದಿದ್ದ ಮೇಲಿನ ನೋಟ ಕಡಲತೀರದ ಕಟ್ಟೆಯ ಮೇಲೆ, ಅಜ್ಜಿಯ ಬೆರಳ ತುದಿಯಲ್ಲಿ ಸಿಕ್ಕಿತು.

ಈಗ ಯೋಜನೆ ಬದಲಾಗಿದೆ. ವಿಮಾನ ಬಿಟ್ಟೆವು, ಬಸ್ಸು ಹಿಡಿಯುತ್ತೇವೆ. ಕಾಳಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಬಿದ್ದಮೇಲೆ ಉಳಿದಿರುವ ಹೊಸ ಸೇತುವೆ ದಾಟಿ ಗೋವಾ, ಅಲ್ಲಿಂದ ವಾಸ್ಕೊ ಹತ್ತಿರದ ಬೋಗ್ಮಾಳೊ. ಅಲ್ಲಿ ನೌಕಾಪಡೆಯ ವಿಮಾನ ಸಂಗ್ರಹಾಲಯ 1998ರಿಂದ ಇದೆ. ವಿಮಾನವಾಹಕ ಹಡಗಿನಿಂದ ಹಾರುತ್ತಿದ್ದ ಸೀ ಹಾಕ್, ಅಲಿಝೆ, ನಿಂತಲ್ಲಿಂದಲೇ ಮೇಲೇಳಬಲ್ಲ ಸೀ ಹ್ಯಾರಿಯರ್ ಅಂಗಳದಲ್ಲೇ ನಿಂತಿವೆ. ಒಮ್ಮೆ ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತು, ಆಮೇಲೆ ಸೇನೆಗೆ ಸೇರಿದ ಸೂಪರ್ ಕಾನ್‌ಸ್ಟೆಲೇಷನ್ ಕೂಡ ಇದೆ. ನೀವೂ ಹೋಗುವುದಾದರೆ ಸೋಮವಾರ ಬಿಟ್ಟು ಹೋಗಿ, ಅವತ್ತು ರಜೆ.

ಅಜ್ಜಿಯೂ ಬರುತ್ತಾರೆ. ಸಂಗ್ರಹಾಲಯ ನೋಡಲು ಅಲ್ಲ. ದಾಬೋಲಿಮ್ ಕೂಡ ನೌಕಾಪಡೆಯದೇ ನಿಲ್ದಾಣ, ಅದರ ಒಂದು ಬದಿಯಿಂದ ಜನರ ವಿಮಾನ ಹಾರುತ್ತವೆ, ಅಂಕೋಲೆಯಲ್ಲಿ ಆಗಬೇಕೆಂದಿರುವುದೂ ಇದೇ ಥರದ್ದು ಎಂದು ಮೊಮ್ಮಗಳು ಹೇಳಿದ ದಿನ ಅವರು ತಾವಾಗಿಯೇ ಹೊರಟರು. ಬೇಲಿಯ ಆಚೆ ಮನೆ ಇರುವವರನ್ನು ಮಾತಾಡಿಸಬೇಕಂತೆ. ಕೇಳಬೇಕಾದದ್ದನ್ನು ನಮ್ಮ ಕೈಲಿ ಬರೆಸಿದ್ದಾರೆ. ರಾತ್ರಿ ನಿದ್ದೆ ಬರ್ತದ್ಯಾ? ದನ ಹೆದರೂದಿಲ್ವಾ? ತೆಂಗಿನಮರ ಎಷ್ಟು ಎತ್ತರ ಬಿಡ್ತಾರೆ? ಬಾವಿಯ ನೀರು ಹೇಗಿದೆ? ಮನೆಯ ಹುಡುಗರಿಗೆ ಒಳಗೆ ಕೆಲಸ ಸಿಕ್ಕಿತಾ, ಸಿಕ್ಕರೆ ಎಂಥ ಕೆಲಸ? ಕೊಂಕಣಿಯಲ್ಲಿ ಕೇಳುವ ಜವಾಬ್ದಾರಿ ಕದ್ವಾಡದವರಾದ ನಮ್ಮ ಮೇಲೆ ಬಿದ್ದಿದೆ.

ಆಧಾರ್ ಕಾರ್ಡು ತರಬೇಕಾ ಎಂದು ನಿನ್ನೆ ಫೋನ್ ಮಾಡಿ ಕೇಳಿದರು. ಇರಲಿ, ತನ್ನಿ ಅಂದೆವು. ಕತ್ತಲಾಗುವುದರೊಳಗೆ ವಾಪಸ್ ಬಿಡಬೇಕು, ಎಮ್ಮೆ ಕರೆಯಲು ಬೇರೆಯವರನ್ನು ಸೇರಿಸುವುದಿಲ್ಲ ಎಂದೂ ಹೇಳಿದ್ದಾರೆ. ಹಾಗಾಗಿ ಬೆಳಿಗ್ಗೆಯ ಮೊದಲ ಬಸ್ಸಿಗೇ ಹೊರಡುವುದು.