ಮಾನ್ವಿಯ ಗದ್ದೆಯಲ್ಲಿ ಸಿಕ್ಕ ಉತ್ತರ

ನಮ್ಮ ರಾಯಚೂರಿನ ಮನೆಯಂಗಳಕ್ಕೆಲ್ಲ ಬಂಡೆ ಹಾಸಿದೆ. ಒಂದು ಹಿಡಿ ಮಣ್ಣಿಲ್ಲ. ಆರನೇ ತರಗತಿಯ ಮೊಮ್ಮಗಳು ಮಾತ್ರ ಶಾಲೆಯ ವಸ್ತುಪ್ರದರ್ಶನಕ್ಕೆ ಮಣ್ಣಿಲ್ಲದೆ ಬೆಳೆದ ಪಾಲಕ್ ತರುತ್ತೇನೆಂದು ಹೆಸರು ಕೊಟ್ಟು ಬಂದಳು. ಇದಕ್ಕೆ ಹೈಡ್ರೋಪೋನಿಕ್ಸ್ ಎನ್ನುತ್ತಾರೆ.

ಹಣ್ಣಿನಂಗಡಿಯಿಂದ ಥರ್ಮಾಕೋಲ್ ಡಬ್ಬಿ ತಂದೆವು. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆಂದು ಹೊರಗೆ ಕಪ್ಪು ಕಾಗದ ಸುತ್ತಿದೆವು. ಮುಚ್ಚಳದಲ್ಲಿ ತೂತು ಕೊರೆದು, ತಳಕ್ಕೆ ರಂಧ್ರ ಮಾಡಿದ ಪ್ಲಾಸ್ಟಿಕ್ ಲೋಟಗಳನ್ನು ಇಳಿಬಿಟ್ಟು, ತೆಂಗಿನ ನಾರಿನ ಪುಡಿಯಲ್ಲಿ ಸಸಿ ಕೂರಿಸಿದೆವು. ಗೊಬ್ಬರ ಎ, ಬಿ ಎಂಬ ಎರಡು ಪೊಟ್ಟಣಗಳಲ್ಲಿ ಬರುತ್ತದೆ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಡಬ್ಬಿಯ ನೀರಿಗೆ ಹಾಕಬೇಕು; ಗಟ್ಟಿಯಾಗಿದ್ದಾಗಲೇ ಬೆರೆಸಿದರೆ ಸುಣ್ಣದಂತೆ ತಳಕ್ಕೆ ಕೂರುತ್ತದೆ. ಅದನ್ನೆಲ್ಲ ಸರಿಯಾಗಿಯೇ ಮಾಡಿದೆ. ತುಂಬಿದ್ದು ಬೋರಿನ ನೀರು. ಬ್ಯಾಂಕಿನಲ್ಲಿ ದಿನವೂ ಲೆಕ್ಕ ಸರಿದೂಗಿಸಿದ ಚಟ ನೋಡಿ, ಬೆಳಿಗ್ಗೆ ಎದ್ದು ಕಡಿಮೆಯಾದಷ್ಟು ನೀರನ್ನು ಮತ್ತೆ ಅಂಚಿನವರೆಗೆ ತುಂಬುತ್ತಿದ್ದೆ.

ಹತ್ತು ದಿನದಲ್ಲಿ ಎಲೆ ಹಳದಿಯಾಯಿತು, ಬೇರು ಕಂದಾಗಿ ನಾರತೊಡಗಿತು. ಹುಡುಗಿ ಪ್ರದರ್ಶನಕ್ಕೆ ಬರಿಗೈಲಿ ಹೋದಳು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಶ್ರಾವಣದಲ್ಲಿ ಅವಳನ್ನು ಕರೆದುಕೊಂಡು ದೇವದುರ್ಗದ ತಂಗಿಯ ಮನೆಗೆ ಹೋದೆ. ಬಚ್ಚಲ ಹಂಡೆಯ ಒಳಗೆಲ್ಲ ಬಿಳಿ ಪೊರೆ. "ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲಣ್ಣ, ಅಡಿಗಿಗೆ ಫಿಲ್ಟರ್ ನೀರು ತರ್ತೀವಿ" ಎಂದಳು. ನಮ್ಮ ಮನೆಯ ಬೇಳೆಯೂ ಹಾಗೇ! ಬೇಳೆ ಬೇಯದ ನೀರಿನಲ್ಲಿ ಲವಣ ಮೊದಲೇ ತುಂಬಿರುತ್ತದೆ. ಅದಕ್ಕೆ ಗೊಬ್ಬರದ ಲವಣವೂ ಸೇರಿದರೆ ಎಳೆಯ ಬೇರು ತಾಳೀತೆ?

ಅಲ್ಲಿಂದ ಮಾನ್ವಿಗೆ, ಅಕ್ಕನ ಮಗನ ಹೊಲಕ್ಕೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದರು. ಕಣ್ಣು ಹಾಯುವಷ್ಟು ದೂರ ಭತ್ತದ ಸಸಿ ನೀರಿನಲ್ಲಿ ನಿಂತಿತ್ತು.

"ತಾತಾ, ಈ ನೆಲ್ಲು ದಿನಾ ನೀರಾಗೇ ನಿಂತೈತಲ್ಲ, ಇದ್ಯಾಕ ಕೊಳತಿಲ್ಲ?"

ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಕನ ಮಗ ಒಂದು ಬುಡ ಕಿತ್ತು, ಕುಡುಗೋಲಿನಿಂದ ಅಡ್ಡ ಕೊಯ್ದು ತೋರಿಸಿದ. ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ತೂತುಗಳು. "ಗಾಳಿ ಇದರಾಗ ಹಾದು ಬೇರಿಗೆ ಇಳೀತದ ಮಾವಾ. ನಿಮ್ಮ ಪಾಲಕ್‌ಗೆ ಇಂಥ ಕೊಳವಿ ಎಲ್ಲೈತಿ?" ಮೊಮ್ಮಗಳು ಮೆಲ್ಲಗೆ ನನ್ನ ಕಡೆ ತಿರುಗಿದಳು. ದಿನವೂ ತುಂಬಿ ತುಂಬಿ ಬೇರನ್ನು ಉಸಿರುಗಟ್ಟಿಸಿದ್ದು ನಾನೇ.

ಊರಿಗೆ ಬಂದು ಮತ್ತೆ ಹೂಡಿದೆವು. ಮಾಳಿಗೆಯ ಮೇಲೆ ಹಿಡಿದ ಮಳೆನೀರು. ಲೋಟದ ತಳ ಮುಟ್ಟುವಷ್ಟು ತುಂಬಿ ಬಿಟ್ಟುಬಿಟ್ಟೆವು. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಮೇಲಿನ ಬೇರು ಗಾಳಿ ಹೀರುತ್ತದೆ, ಕೆಳಗಿನದು ನೀರು. ಹವಾಯಿ ವಿಶ್ವವಿದ್ಯಾಲಯದ ಕ್ರಾಟ್ಕಿ ಎಂಬ ವಿಜ್ಞಾನಿಯ ಹೆಸರು ಈ ವಿಧಾನಕ್ಕಿದೆ. ಪಂಪು ಬೇಡ, ಕರೆಂಟು ಬೇಡ. ಆದರೆ ನೀರು ಕಾದಷ್ಟೂ ಅದರಲ್ಲಿನ ಗಾಳಿ ಕಡಿಮೆ. ನಮ್ಮೂರಿನ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಡಬ್ಬಿಗೆ ನೆರಳು ಬೇಕೇ ಬೇಕು.

ಐದನೇ ವಾರ ಪಾಲಕ್ ಬೇಳೆಸಾರಿಗೆ ಬಿತ್ತು. ಡಬ್ಬಿಯ ಮೇಲೆ ಮೊಮ್ಮಗಳು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ ಚೀಟಿ ಇನ್ನೂ ಇದೆ: 'ತಾತ ನೀರು ಹಾಕಬಾರದು.'