ಹುತ್ತದೊಳಗಿನ ಬೇಸಾಯ

ಗೆದ್ದಲು ಎಂದೊಡನೆ ರೈತನ ಹುಬ್ಬು ಗಂಟಿಕ್ಕುತ್ತದೆ. ಮನೆಯ ತೊಲೆ, ಬಣವೆಯ ಹುಲ್ಲು, ಹಳೆಯ ಪುಸ್ತಕ, ಯಾವುದನ್ನೂ ಅದು ಬಿಡುವುದಿಲ್ಲ. ಹಾಸನ ತಾಲ್ಲೂಕಿನ ಕಟ್ಟಾಯದ ಸುತ್ತಿನ ಹೊಲಗಳಲ್ಲಿ ಬದುವಿನ ಹುತ್ತವನ್ನು ಅಗೆಯಲು ಮಗನು ಗುದ್ದಲಿ ಎತ್ತಿದಾಗ, "ಅಣಬೆ ಏಳೋ ಹುತ್ತ ಕಣಪ್ಪ, ಬಿಡು" ಎಂದು ತಾಯಿ ತಡೆದರೆ, ಆ ಮಾತಿನಲ್ಲಿ ನಾಲಗೆಯ ರುಚಿಗಿಂತ ಹೆಚ್ಚಿನ ಅರ್ಥವಿದೆ.

ಮುಂಗಾರಿನ ಮಳೆಗೆ ನೆಲ ತಣಿದ ಮೇಲೆ ಹುತ್ತದ ಬಳಿ ಕೊಡೆ ಬಿಚ್ಚುವ ಆ ಅಣಬೆ ಬೇರೆಡೆಯ ಅಣಬೆಯಂತಲ್ಲ. ಅದರ ನೀಳವಾದ ಬುಡವನ್ನು ಹಿಡಿದು ನೆಲದೊಳಗೆ ಅಗೆಯುತ್ತ ಹೋದರೆ ಗೆದ್ದಲಿನ ತೋಟವೇ ಎದುರಾಗುತ್ತದೆ. ಒಣಹುಲ್ಲು, ತರಗೆಲೆ, ಸತ್ತ ಮರ ಇವು ಗೆದ್ದಲಿಗೆ ಸಿಗುವ ಮೇವು. ಆದರೆ ಅವುಗಳ ಗಟ್ಟಿ ನಾರನ್ನು ತಾನೊಂದೇ ಅರಗಿಸಿಕೊಳ್ಳಲು ಅದಕ್ಕೆ ಶಕ್ತಿ ಸಾಲದು. ಹೊಟ್ಟೆಯ ಮೂಲಕ ಹಾದುಬಂದ ಹಿಕ್ಕೆಯಿಂದ ಅದು ಸ್ಪಂಜಿನಂತಹ ದಿಂಡುಗಳನ್ನು ಕಟ್ಟುತ್ತದೆ. ಅವುಗಳಲ್ಲಿ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವು ಬೆಳೆದು, ನಾರನ್ನು ಮೆತ್ತಗಾಗಿಸಿ, ಬಿಳಿಯ ಸಣ್ಣ ಕಾಳುಗಳನ್ನು ಬಿಡುತ್ತದೆ. ಕಾಳೂ ಹಳತಾದ ದಿಂಡೂ ಗೆದ್ದಲಿಗೆ ಆಹಾರ. ಕಾಳಿನೊಡನೆ ಹೊಟ್ಟೆ ಸೇರಿದ ಬೀಜಾಣುಗಳು ಹೊಸ ಹಿಕ್ಕೆಯೊಡನೆ ಹೊರಬಂದು ಮತ್ತೆ ಬಿತ್ತನೆಯಾಗುತ್ತವೆ. ಶಿಲೀಂಧ್ರವು ಅನ್ನ ಕೊಡುತ್ತದೆ. ಗೆದ್ದಲು ಮನೆ, ಮೇವು, ತೇವಗಳನ್ನು ಕೊಡುತ್ತದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಬಾಳಿಲ್ಲ.

ದಕ್ಷಿಣ ಭಾರತದಲ್ಲಿದ್ದ ಕೋನಿಗ್ ಎಂಬ ವಿದ್ವಾಂಸನು 1779ರಷ್ಟು ಹಿಂದೆಯೇ ಈ ತೋಟಗಳನ್ನು ಕುರಿತು ಬರೆದಿದ್ದನು. ಮನುಷ್ಯನು ನೇಗಿಲು ಹಿಡಿದು ಕೆಲವು ಸಾವಿರ ವರ್ಷಗಳಾದವು. ಗೆದ್ದಲಿನ ಬೇಸಾಯಕ್ಕಾದರೋ ಸುಮಾರು 3 ಕೋಟಿ ವರ್ಷಗಳ ವಯಸ್ಸೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಈ ತೋಟಕ್ಕೂ ಕಳೆಯ ಕಾಟವುಂಟು. ಸ್ಯೂಡೋಕ್ಸೈಲೇರಿಯ ಎಂಬ ಬೇರೊಂದು ಶಿಲೀಂಧ್ರವು ಅಲ್ಲಿ ಹೊಂಚು ಹಾಕಿರುತ್ತದೆ. ಗೆದ್ದಲು ವಾಸನೆಯಿಂದಲೇ ಬೆಳೆಯನ್ನೂ ಕಳೆಯನ್ನೂ ಬೇರ್ಪಡಿಸಿ ಅರಿಯುತ್ತದೆ, ಕಳೆಯ ಮೇಲೆ ಹೆಚ್ಚು ಮಣ್ಣು ಮುಚ್ಚುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಗೆದ್ದಲು ತೊರೆದ ದಿಂಡನ್ನು ಕೆಲವೇ ದಿನಗಳಲ್ಲಿ ಈ ಕಳೆ ಆವರಿಸುತ್ತದೆ.

ಮನೆಯ ತೊಲೆಗೆ ಹತ್ತಿದ ಗೆದ್ದಲನ್ನು ತಡೆಯುವುದು ಬೇರೆ. ಬದುವಿನ ಹುತ್ತವನ್ನು ಸುಮ್ಮನೆ ಕೆಡಹುವುದು ಬೇರೆ. ಗುದ್ದಲಿಯ ಏಟಿಗೆ ಉರುಳುವುದು ಮಣ್ಣಿನ ಗುಡ್ಡೆಯೊಂದೇ ಅಲ್ಲ. ಎರಡು ಜೀವಗಳು ಕೂಡಿ ನಡೆಸಿದ ಒಂದು ಸಂಸಾರ. ಅದು ಅಳಿದರೆ ಮರುವರ್ಷದ ಮಳೆ ಬಂದರೂ ಅಲ್ಲಿ ಅಣಬೆ ಏಳದು. ಈ ವಿಜ್ಞಾನವನ್ನು ಓದದ ಆ ತಾಯಿಗೂ ಇಷ್ಟು ಗೊತ್ತಿತ್ತು.